ಇಸ್ತ್ರಿ ಮೇಜಿನ ಚದುರಂಗ

ಚದುರಂಗದಲ್ಲಿ ಘಟಾನುಘಟಿಗಳ ಬೆವರಿಳಿಸಿದ ಆ ಹೆಂಗಸಿನ ಬಗ್ಗೆ ಬಲ್ಲವರು ಬೇಕಾದಷ್ಟು ಬರೆದಿದ್ದಾರೆ. ಕುದುರೆ ಎತ್ತ ನೆಗೆಯುತ್ತದೆಂದು ಇಂದಿಗೂ ತಡವರಿಸುವ ನಮ್ಮಂಥವರ ಪಾಲಿಗೆ ಉಳಿದಿರುವುದು ಅವಳ ಅಪ್ಪ, ಇಸ್ತ್ರಿಯವನು.

ಹೆಂಡತಿ ತೀರಿಕೊಂಡ ಮೇಲೆ ಅವನ ಬಾಯಿ ಕಟ್ಟಿಹೋಗಿತ್ತು. ಮಗಳೊಂದಿಗೆ ಏನು ಮಾತಾಡಬೇಕೆಂದು ತೋಚದೆ, ಯಾರದೋ ಚೌಕಳಿ ಅಂಗಿಯ ಮೇಲೆ ಗುಂಡಿಗಳನ್ನಿಟ್ಟು ಅವಳಿಗೆ ಚದುರಂಗ ಕಲಿಸಿದ. ಅಂಗಿಯ ಒಡೆಯ ಬಂದು ಚದುರಂಗವನ್ನು ತೊಟ್ಟುಕೊಂಡೇ ಹೊರಟುಹೋದ. ಇದ್ದ ಒಂದು ಮೇಜಿನ ಮೇಲೆ ಸದಾ ಯಾರದಾದರೂ ಪ್ಯಾಂಟು ಕಾಲು ಚಾಚಿ ಮಲಗಿರುತ್ತಿತ್ತು. ಹಾಗಾಗಿ ಆಟವೆಲ್ಲ ಬಾಯಲ್ಲೇ. ಅವನು ಇಸ್ತ್ರಿ ತಿಕ್ಕುತ್ತ, ಅವಳು ಗೋಡೆ ಕಡೆ ಮುಖಮಾಡಿ ಉದುರಿದ ಗುಂಡಿ ಹೊಲಿಯುತ್ತ.

"ನನ್ನ ಕುದುರೆ ನಿನ್ನ ಮಂತ್ರಿ ಪಕ್ಕಕ್ಕೆ ಬಂತು, ನೋಡ್ಕೋ."

"ಬರ್ಲಿ ಬಿಡಪ್ಪ. ನನ್ನ ಒಂಟೆ ಅದಕ್ಕೇ ಕಾಯ್ತಿದೆ."

"ಒಂಟೆ ಯಾವಾಗ ಬಂತೇ ಅಲ್ಲಿಗೆ?"

"ನೀನು ಕಾಲರಿಗೆ ನೀರು ಚಿಮುಕಿಸ್ತಿದ್ಯಲ್ಲ, ಆಗ."

ಪರವೂರಿನಿಂದ ಬಂದು ಇಸ್ತ್ರಿಗೆಂದು ಕೋಟು ತಂದಿದ್ದ ಚೆಸ್ ಮೇಷ್ಟ್ರೊಬ್ಬರು ಈ ಮಾತು ಕೇಳಿ ಬಾಗಿಲಲ್ಲೇ ನಿಂತುಬಿಟ್ಟರು. ಮಾರನೆಯ ದಿನ ಹಲಗೆ, ಕಾಯಿಗಳ ಸಮೇತ ಬಂದರು. ತಮ್ಮೆದುರು ಗೆದ್ದರೆ ಹುಡುಗಿಯನ್ನು ದೂರದೂರಿನ ತಮ್ಮ ಶಾಲೆಗೆ, ಹಾಸ್ಟೆಲ್ಲಿಗೆ ಕರೆದೊಯ್ಯುವುದಾಗಿ ಹೇಳಿದರು.

ಅವಳು ಹಲಗೆಯೆದುರು ಕೂತಳು. ಗುಂಡಿಗಳಲ್ಲದ ಕಾಯಿಗಳನ್ನು ಕಂಡೇ ಇರಲಿಲ್ಲ. ಒಂಟೆಯನ್ನು ಕಾಲಾಳೆಂದುಕೊಂಡಳು, ಮಂತ್ರಿಯನ್ನು ಕಳೆದುಕೊಂಡಳು.

"ಪಾಪ, ಚಿಕ್ಕವಳು," ಎಂದು ಮೇಷ್ಟ್ರು ಕಾಯಿಗಳನ್ನು ಡಬ್ಬಿಗೆ ತುಂಬತೊಡಗಿದರು.

ಇಸ್ತ್ರಿಯವನು ಸುಮ್ಮನಿದ್ದರೆ ಸಾಕಿತ್ತು, ಮಗಳು ಮನೆಯಲ್ಲೇ ಉಳಿಯುತ್ತಿದ್ದಳು. ಸುಮ್ಮನಿರಬೇಕೆಂದೇ ಅಂಗಿಯೊಂದರ ತೋಳನ್ನು ಎರಡು ಸಲ ತಿಕ್ಕಿದ. ಆಮೇಲೆ ಬೇರೆ ಯಾರೋ ಹೇಳಿದಂತೆ ಅವನದೇ ದನಿ ಅವನಿಗೆ ಕೇಳಿಸಿತು:

"ಮೇಷ್ಟ್ರೇ, ಅವಳನ್ನ ಗೋಡೆ ಕಡೆ ತಿರುಗಿಸಿ. ಕೈಗೆ ಆ ಗುಂಡಿ ಉದುರಿದ ಅಂಗಿ ಕೊಡಿ. ನೀವು ಬಾಯಲ್ಲಿ ಹೇಳಿ."

ಎರಡನೇ ಗುಂಡಿಯ ದಾರ ಕತ್ತರಿಸುವಷ್ಟರಲ್ಲಿ ಮೇಷ್ಟ್ರ ರಾಜನಿಗೆ ನಿಲ್ಲಲು ನೆಲೆಯಿರಲಿಲ್ಲ.

ಇಸ್ತ್ರಿಯವನು ಅವಳನ್ನು ಮೇಷ್ಟ್ರ ಜೊತೆ ಬಸ್ಸು ಹತ್ತಿಸಿ ಬಂದ. ಸಂತೋಷವಾಗಬೇಕಿತ್ತು, ಇಲ್ಲವೇ ಸಂಕಟವಾದರೂ. ಯಾವುದೂ ಆಗಲಿಲ್ಲ, ಒಳಗೆಲ್ಲ ಆರಿದ ಇಸ್ತ್ರಿಪೆಟ್ಟಿಗೆ. ಕೆಂಡ ತುಂಬಿ ಕೆಲಸಕ್ಕೆ ನಿಂತ.

"ಆನೆ ಮುಂದಕ್ಕೆ," ಎಂದ.

ಬಟ್ಟೆಗಂಟು ಹಿಡಿದು ನಿಂತಿದ್ದ ಗಿರಾಕಿ ಕೇಳಿದ, "ಏನಂದ್ರಿ?"

"ಏನಿಲ್ಲ ಸಾರ್. ಗಂಜಿ ಹಾಕ್ಲಾ ಅಂದೆ."

"ಹಾಕಿ."

ಹಾಕಿದ.