ನೀರು ಹಾಕಬೇಡಿ ಅಂದರೆ

ಆಕೆಯನ್ನು ಎಲ್ಲರೂ ಗಿಡದಕ್ಕ ಎಂದೇ ಕರೆಯುತ್ತಿದ್ದರು. ಆಫೀಸುಗಳಿಗೆ ಕುಂಡದ ಗಿಡಗಳನ್ನು ಬಾಡಿಗೆಗೆ ಕೊಟ್ಟು, ವಾರಕ್ಕೊಮ್ಮೆ ಹೋಗಿ ನೋಡಿಕೊಂಡು ಬರುವುದು ಆಕೆಯ ಕೆಲಸ. ಅದಕ್ಕೂ ಮೊದಲು ಹದಿನಾರು ವರ್ಷ ಒಂದು ನರ್ಸರಿಯಲ್ಲಿ ಮಣ್ಣು ಕಲಸಿ, ಸಸಿ ನೆಟ್ಟವಳು. ನರ್ಸರಿಯ ಜಾಗ ಮಾರಾಟವಾದಾಗ ಮಾಲೀಕ ಉಳಿದ ಕುಂಡಗಳನ್ನು ತೋರಿಸಿ, "ಬೇಕಾದ್ರೆ ತಗೊಂಡೋಗಮ್ಮ" ಎಂದ. ಗಂಡನದು ಸಾಮಾನು ಸಾಗಿಸುವ ಸಣ್ಣ ಗಾಡಿ. ಅದರಲ್ಲಿ ನಾಲ್ಕು ಸಲ ಓಡಾಡಿ ಎಲ್ಲವನ್ನೂ ತಂದು ಮನೆಯ ತಾರಸಿ ತುಂಬಿಸಿದಳು. "ಗಿಡ ಯಾರಾದ್ರೂ ಬಾಡಿಗೆಗೆ ತಗೋತಾರೇನೇ, ಹುಚ್ಚಿ?" ಎಂದು ಆಕೆಯ ಸ್ವಂತ ಅಕ್ಕ ನಕ್ಕಿದ್ದಳು. ಎರಡು ವರ್ಷದಲ್ಲಿ ಇಪ್ಪತ್ತೊಂದು ಆಫೀಸುಗಳಾದವು.

ಆ ಇಪ್ಪತ್ತೊಂದು ಆಫೀಸಿನವರದೂ ಒಂದೇ ಮಾತು. "ನೋಡ್ಕೊಳ್ಳೋ ತಾಪತ್ರಯ ಇರಬಾರದು. ಆದ್ರೆ ಸಾಯ್ಲೂಬಾರದು." ಅಂಥವರಿಗೆ ಆಕೆ ಸ್ನೇಕ್ ಪ್ಲಾಂಟ್ ಕೊಡುತ್ತಿದ್ದಳು. ದಪ್ಪನೆಯ ಎಲೆಗಳು ಕತ್ತಿಯ ಹಾಗೆ ನೆಟ್ಟಗೆ ನಿಲ್ಲುವ ಗಿಡ ಅದು. ಬೆಳಕು ಕಡಿಮೆಯಾದರೂ ತಕರಾರಿಲ್ಲ, ಎರಡು ಮೂರು ವಾರಕ್ಕೊಮ್ಮೆ ನೀರು ಕಂಡರೆ ಸಾಕು. ಅದನ್ನು ಕೊಲ್ಲುವುದು ಸುಲಭವಲ್ಲ.

ಮೂರನೇ ಮಹಡಿಯ ವಿಮಾ ಆಫೀಸಿನವರು ಐದು ತಿಂಗಳಲ್ಲಿ ನಾಲ್ಕು ಕೊಂದರು.

ನಾಲ್ಕಕ್ಕೂ ಒಂದೇ ಗತಿ. ಬುಡ ಮೆತ್ತಗಾಗಿ, ಎಲೆ ಹಳದಿಯಾಗಿ, ಮುಟ್ಟಿದರೆ ಕೈಗೇ ಕಿತ್ತು ಬರುತ್ತಿತ್ತು. ಮಣ್ಣಿಗೆ ಬೆರಳಿಟ್ಟರೆ ಕೆಸರು, ಮೂಗಿಗೆ ಕೊಳೆತ ವಾಸನೆ. "ನೀರು ಹಾಕಬೇಡಿ, ನಾನೇ ಹಾಕುತ್ತೇನೆ" ಎಂದು ದಪ್ಪಕ್ಷರದಲ್ಲಿ ಬರೆದು ಕುಂಡಕ್ಕೆ ಅಂಟಿಸಿದ್ದಳು. ಕೆಲವೇ ದಿನಗಳಲ್ಲಿ ಆ ಚೀಟಿಯೂ ನೆನೆದು ಕಳಚಿಕೊಂಡಿತು.

"ನಾವು ಅದರ ತಂಟೆಗೇ ಹೋಗಲ್ಲಮ್ಮ" ಎಂದರು ಮ್ಯಾನೇಜರು. "ನಿಮ್ಮ ಮಾಲೇ ಸರಿ ಇಲ್ಲ ಅನ್ಸುತ್ತೆ."

ಆ ಮಾತು ಆಕೆಗೆ ನಾಟಿತು. ಐದನೆಯ ಗಿಡ ಇಟ್ಟು ಹೋದ ಮೇಲೆ, ಎಂದಿನ ಶುಕ್ರವಾರ ಬಿಟ್ಟು ಬುಧವಾರ ಬೆಳಿಗ್ಗೆ ಒಂಬತ್ತಕ್ಕೇ ಬಂದು, ಗಿರಾಕಿಗಳು ಕೂರುವ ಬೆಂಚಿನ ತುದಿಯಲ್ಲಿ ಚೀಲ ತೊಡೆಯ ಮೇಲಿಟ್ಟು ಕುಳಿತಳು. ಯಾರೂ ಆಕೆಯತ್ತ ತಿರುಗಿ ನೋಡಲಿಲ್ಲ.

ಮೊದಲು ಕ್ಯಾಷಿಯರ್ ಬಂದ. ನಿನ್ನೆಯ ಬಾಟಲಿಯ ನೀರನ್ನು ಕುಂಡಕ್ಕೆ ಬಗ್ಗಿಸಿ, ಹೊಸ ನೀರು ಹಿಡಿಯಲು ಹೋದ. ಆಮೇಲೆ ಕಡತ ಜೋಡಿಸುವ ಹುಡುಗಿ ಲೋಟದ ತಳದ ನೀರು ಸುರಿದಳು. ಹಿರಿಯ ಗುಮಾಸ್ತರೊಬ್ಬರು ಬಾಟಲಿ ಬಗ್ಗಿಸಿ ಕುಂಡದ ಮೇಲೇ ಕೈ ತೊಳೆದರು. ಯಾರೋ ಟೀ ಚೆಲ್ಲಿದರು. ಹನ್ನೊಂದಾಗುವಷ್ಟರಲ್ಲಿ ಆರು ಜನ. ಏಳನೆಯವರು ಮ್ಯಾನೇಜರೇ. ಫ್ಲಾಸ್ಕಿನಲ್ಲಿ ಉಳಿದ ಬಿಸಿನೀರನ್ನು ನಿಧಾನವಾಗಿ, ಪ್ರೀತಿಯಿಂದ, ಸುತ್ತಲೂ ಹಾಕಿದರು.

ಗಿಡದಕ್ಕ ಧಡಕ್ಕನೆ ಎದ್ದಳು. "ಸಾರ್! ತಂಟೆಗೇ ಹೋಗಲ್ಲ ಅಂದ್ರಿ!"

ಮ್ಯಾನೇಜರು ಬೆಚ್ಚಿದರೂ ಸೋಲಲಿಲ್ಲ. "ಒಂದು ಗುಟುಕು ನೀರಿಗೆ ಯಾವ ಗಿಡ ಸಾಯುತ್ತಮ್ಮ?"

"ನಿಮ್ದು ಒಂದು ಗುಟುಕು. ಇವತ್ತು ಹನ್ನೊಂದು ಗಂಟೆ ಒಳಗೆ ಏಳು ಜನ ಹಾಕಿದಾರೆ. ನಾನಿಲ್ಲೇ ಕೂತು ಎಣಿಸಿದೀನಿ. ಅದರಲ್ಲೂ ನಿಮ್ದು ಬಿಸಿನೀರು!"

"ಸಿಂಕ್ ಆ ಕಡೆ ಕೊನೇಲಿದೆಯಲ್ಲಮ್ಮ" ಎಂದರು ಗುಮಾಸ್ತರು, ತಪ್ಪೆಲ್ಲ ಕಟ್ಟಡ ಕಟ್ಟಿದವನದು ಎಂಬಂತೆ. "ಇಷ್ಟು ನೀರಿಗೆ ಅಷ್ಟು ದೂರ ಯಾರು ಹೋಗ್ತಾರೆ?"

ಆಕೆ ಕೆಳಗಿಳಿದು ಹೋಗಿ, ಒಂದು ನೀಲಿ ಬಕೆಟ್ ತಂದು ಕುಂಡದ ಪಕ್ಕಕ್ಕಿಟ್ಟಳು. "ಉಳಿದ ನೀರು ಇದಕ್ಕೆ. ಗಿಡಕ್ಕಲ್ಲ." ಎಲ್ಲರೂ ತಲೆಯಾಡಿಸಿದರು. ಮುಂದಿನ ಶುಕ್ರವಾರ ಬಕೆಟ್ ಶೌಚಾಲಯದಲ್ಲಿತ್ತು. ಜನ ಬಂದು ಹೋಗುವ ಜಾಗದಲ್ಲಿ ಬಕೆಟ್ ಇದ್ದರೆ ಲಕ್ಷಣವಾಗಿರೋಲ್ಲ ಎಂದು ಮ್ಯಾನೇಜರು ಎತ್ತಿಸಿದ್ದರು. ಐದನೆಯ ಗಿಡದ ಬುಡ ಆಗಲೇ ಮೆತ್ತಗಾಗಿತ್ತು.

ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಶುರುಮಾಡಿದಳು. "ನೀರು ಹಾಕಿ ಅಂದ್ರೆ ಮರೀತಾರೆ. ಹಾಕಬೇಡಿ ಅಂದ್ರೆ ಸಾಲಾಗಿ ನಿಂತು ಹಾಕ್ತಾರೆ. ಇವರಿಗೆ ಏನು ಹೇಳಿ ಸಾಯಲಿ?"

ಗಂಡ ಗಾಡಿಯ ಕನ್ನಡಿ ಒರೆಸುತ್ತಾ ಕೂತಿದ್ದ. "ಅವರು ಹಾಕೋದು ಬಿಡಲ್ಲ, ನೀನು ಬೈಯೋದು ಬಿಡಲ್ಲ. ಕೆರೇಲಿ ಬೆಳೆಯೋದನ್ನೇ ತಗೊಂಡೋಗಿ ಇಟ್ಟುಬಿಡು ಅತ್ಲಾಗೆ."

"ನಿಮಗೆ ಎಲ್ಲಾ ತಮಾಷೆ!" ಎಂದು ರೇಗಿ ತಾರಸಿಗೆ ಹೋದಳು. ಅಲ್ಲಿ ನೀರಿನ ತೊಟ್ಟಿಯ ಪಕ್ಕ, ಕೊಡೆಯ ಕಡ್ಡಿಗಳ ಹಾಗೆ ಎಲೆ ಹರಡುವ ಒಂದು ಜೊಂಡು ನಿಂತಿತ್ತು. ಬೇರು ಸದಾ ಮುಳುಗಿರಬೇಕು ಅದಕ್ಕೆ. ಒಣಗಿದರೆ ತಲೆ ಬಾಗಿಸಿಬಿಡುತ್ತದೆ. ಅದಕ್ಕೆಂದೇ ಆಕೆ ಅದನ್ನು ಯಾವ ಆಫೀಸಿಗೂ ಕೊಟ್ಟಿರಲಿಲ್ಲ. ಸ್ವಲ್ಪ ಹೊತ್ತು ಅದನ್ನೇ ನೋಡಿದಳು. ಗಂಡ ಹೇಳಿದ್ದು ಸರಿ ಎಂದು ಒಪ್ಪಿಕೊಳ್ಳಬೇಕಲ್ಲ ಎಂದು ಇನ್ನಷ್ಟು ಸಿಟ್ಟು ಬಂತು.

ಸೋಮವಾರ ತೂತಿಲ್ಲದ ದೊಡ್ಡ ಕುಂಡದಲ್ಲಿ ಜೊಂಡನ್ನು ಒಯ್ದು ವಿಮಾ ಆಫೀಸಿನ ಕಿಟಕಿಯ ಬೆಳಕಿಗಿಟ್ಟಳು. "ಎಷ್ಟು ಬೇಕಾದ್ರೂ ನೀರು ಹಾಕಿ. ಟೀ ಮಾತ್ರ ಬೇಡ, ಗಬ್ಬು ನಾರುತ್ತೆ."

"ಟೀ ಹಾಕಿದೋರಿಗೆ ಬಂದ ಫೋನ್ ನಾನು ಕೊಡೋದೇ ಇಲ್ಲ" ಎಂದಳು, ಆಫೀಸಿಗೆ ಬರುವ ಫೋನೆಲ್ಲ ಎತ್ತುವ ಮುಂದಿನ ಮೇಜಿನ ಹೆಂಗಸು. ಆ ಆಫೀಸಿನಲ್ಲಿ ಕೆಲಸಕ್ಕೆ ಬಂದ ಮಾತು ಅದೊಂದೇ.

ಜೊಂಡು ಎದ್ದು ನಿಂತಿತು. ಎರಡು ತಿಂಗಳಲ್ಲಿ ಕಿಟಕಿಯ ಅರ್ಧ ಮುಚ್ಚಿತು. ಗಿಡದಕ್ಕ ಒಣಗಿದ ಕಡ್ಡಿಗಳನ್ನು ಕತ್ತರಿಸುತ್ತಿದ್ದಾಗ ಮ್ಯಾನೇಜರು ಯಾರೋ ಗಿರಾಕಿಯನ್ನು ಕರೆತಂದು ತೋರಿಸಿದರು. "ನೋಡಿ, ಹೇಗೆ ಬಂದಿದೆ! ಮೊದಲು ಇವರು ಕೊಡ್ತಿದ್ದ ಗಿಡ ಒಂದೂ ಉಳೀತಿರಲಿಲ್ಲ. ನಾನೇ ದಿನಾ ನೀರು ಹಾಕೋಕೆ ಶುರು ಮಾಡಿದೆ. ಎಲ್ಲಾ ಕೈಗುಣ."

ಗಿಡದಕ್ಕನ ಕತ್ತರಿ ಒಂದು ಹಸಿರು ಕಡ್ಡಿಯನ್ನೂ ಕತ್ತರಿಸಿಹಾಕಿತು.

"ನಿಮ್ಮ ಬೇರೆ ಆಫೀಸಿನವರಿಗೂ ಹೇಳಿಕೊಡ್ಲೇನಮ್ಮ?" ಎಂದರು ಮ್ಯಾನೇಜರು.

"ಬೇಡ ಸಾರ್" ಎಂದಳು. "ಅವರ ಗಿಡಗಳು ಬದುಕಿರಲಿ."

ಗಿರಾಕಿ ನಕ್ಕ. ಮ್ಯಾನೇಜರಿಗೆ ಅರ್ಥವಾದಂತೆ ಕಾಣಲಿಲ್ಲ. ಆಕೆ ಮೆಟ್ಟಿಲಿಳಿಯುವಾಗ ಹಿಂದಿನಿಂದ ಕೂಗಿ, ಮನೆಗೊಂದು ಗಿಡ ಬೇಕು, ತಾಪತ್ರಯ ಇಲ್ಲದ್ದು ಕೊಡಿ ಎಂದರು.