ಬೆಲ್ಲ ಜ್ವರಕ್ಕೆ ಕೂತಾಗ

ಕುಣಿಗಲ್ ಕಡೆಯ ಕಲ್ಲಮ್ಮನ ಮುಂದೆ ಯಾರಾದರೂ ಕೈಗುಣದ ಮಾತೆತ್ತಿದರೆ ಅವಳ ಮುಖ ಅರಳುತ್ತದೆ. ಮದುವೆಯಾಗಿ ಬಂದ ವರ್ಷದಿಂದ ರೇಷ್ಮೆ ಹುಳು ಸಾಕಿದವಳು. ಹುಳುಮನೆಯ ಬಾಗಿಲು ತೆರೆದು ಒಳಗಿನ ಗಾಳಿ ಮೂಗಿಗೆ ತಾಕಿದರೆ ಸಾಕು, ತೇವ ಹೆಚ್ಚಾಯಿತೋ ಬಿಸಿ ಕಡಿಮೆಯಾಯಿತೋ ಹೇಳಿಬಿಡುತ್ತಾಳೆ. ಗೋಡೆಗೊಂದು ಮೀಟರನ್ನೂ ತಗುಲಿಹಾಕಿದ್ದಾಳೆ. ಅದು ತನ್ನ ಮಾತು ಒಪ್ಪಿದ ದಿನ ಮೆಚ್ಚುತ್ತಾಳೆ, ಒಪ್ಪದ ದಿನ ಕೆಟ್ಟುಹೋಗಿದೆ ಅನ್ನುತ್ತಾಳೆ.

ಅವಳ ಸೊಸೆ ಅನುಪಮಾ ಗುಬ್ಬಿಯ ಹುಡುಗಿ, ತುಮಕೂರಿನ ಕಾಲೇಜೊಂದರಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತಾಳೆ. ಮದುವೆಯಾಗಿ ಬರುವಾಗ ಅವಳ ಸಾಮಾನಿನ ಜೊತೆ ಒಂದು ಗಾಜಿನ ಪೆಟ್ಟಿಗೆಯೂ ಅದರೊಳಗೊಂದು ಹಾವೂ ಬಂದವು. ನಮ್ಮ ಹೊಲಗದ್ದೆಯ ಹಾವಲ್ಲ, ಅವುಗಳನ್ನು ಸಾಕಲು ಕಾನೂನು ಬಿಡುವುದಿಲ್ಲ. ಇದು ಆಫ್ರಿಕಾ ಮೂಲದ ಗಿಡ್ಡ ಹೆಬ್ಬಾವು. ವಿಷವಿಲ್ಲ, ಸರ್ಕಾರದಲ್ಲಿ ನೋಂದಣಿಯೂ ಆಗಿದೆ. ಕಂದು ಮೈಬಣ್ಣಕ್ಕೂ ಉಂಡೆಯಾಗಿ ಕೂರುವ ಚಾಳಿಗೂ ಸರಿಯಾಗಿ ಅದಕ್ಕೆ ಬೆಲ್ಲ ಅಂತ ಹೆಸರು. ಕಲ್ಲಮ್ಮನ ಮಗ ಉದಯಕುಮಾರ್ ಹೆಂಡತಿಯನ್ನು ಮೆಚ್ಚಿ ಕಟ್ಟಿಕೊಂಡವನು, ಬೆಲ್ಲವನ್ನು ಮಾತ್ರ ಇವತ್ತಿಗೂ ಪಡಸಾಲೆಯ ಆ ಮೂಲೆಯಿಂದಲೇ ನೋಡುತ್ತಾನೆ.

ಅತ್ತೆ ಸೊಸೆ ಯಾವತ್ತೂ ಜಗಳವಾಡಿದವರಲ್ಲ. ನಿಜ ಹೇಳಬೇಕೆಂದರೆ, ಜಗಳಕ್ಕೆ ಬೇಕಾದಷ್ಟು ಸಲಿಗೆಯೇ ಅವರಲ್ಲಿರಲಿಲ್ಲ. ಸೊಸೆ ಹಬ್ಬಕ್ಕೆ ಬಂದಾಗ "ಏನ್ ಮಾಡ್ಲಿ ಅತ್ತೆ?" ಅನ್ನುವಳು, ಅತ್ತೆ "ಕೂತ್ಕೋ ಬುಡವ್ವ" ಅನ್ನುವಳು, ಅಲ್ಲಿಗೆ ಮಾತು ಮುಗಿಯುವುದು. ಹಾಗಾಗಿ ಆ ಚಳಿಗಾಲದಲ್ಲಿ ಅನುಪಮಾಳಿಂದ ಫೋನ್ ಬಂದಾಗ ಕಲ್ಲಮ್ಮನಿಗೆ ಆಶ್ಚರ್ಯವಾಯಿತು.

"ಅತ್ತೆ, ಮೈಸೂರಲ್ಲಿ ಎರಡು ವಾರ ಟ್ರೈನಿಂಗ್ ಇದೆ. ಇವ್ರು ಪೆಟ್ಟಿಗೆ ಹತ್ರಾನೂ ಹೋಗಲ್ಲ. ಬಿಸಿ, ತೇವ ನೋಡ್ಕೊಳ್ಳೋಕೆ ನಿಮಗಿಂತ ಚೆನ್ನಾಗಿ ಗೊತ್ತಿರೋರು ಯಾರಿದ್ದಾರೆ?"

ಸೊಸೆ ಇವಳನ್ನು ಬಾಯಿಬಿಟ್ಟು ಕೇಳಿದ ಮೊದಲ ಉಪಕಾರ ಅದು. ಕಲ್ಲಮ್ಮನಿಗೆ ಎಷ್ಟು ಸಂತೋಷವಾಯಿತೆಂದರೆ, ಕೇಳಿದ್ದು ಹಾವಿನ ವಿಷಯಕ್ಕೆ ಅನ್ನುವುದು ಫೋನ್ ಇಟ್ಟ ಮೇಲೆ ನೆನಪಾಯಿತು. ಒಂದು ಬೆಳೆಯ ಗೂಡು ಆಗತಾನೇ ಮಾರ್ಕೆಟ್ಟಿಗೆ ಹೋಗಿತ್ತು, ಹುಳುಮನೆ ತೊಳೆದು ಖಾಲಿ ಬಿಟ್ಟಿದ್ದರು. ಮಾರನೆಯ ದಿನವೇ ತುಮಕೂರಿನ ಬಸ್ಸು ಹತ್ತಿದಳು.

ಅನುಪಮಾ ಎಲ್ಲವನ್ನೂ ತೋರಿಸಿಕೊಟ್ಟಳು. ಪೆಟ್ಟಿಗೆಯ ಒಂದು ಬದಿ ಬೆಚ್ಚಗೆ, ಇನ್ನೊಂದು ಬದಿ ತಂಪಾಗಿ ಇರಬೇಕು. ನೀರಿನ ಬಟ್ಟಲು ಬತ್ತಬಾರದು. ತಳದಲ್ಲಿ ಹರಡಿದ ತೆಂಗಿನ ನಾರಿನ ಪುಡಿ ಒಣಗಬಾರದು, ಕೆಸರೂ ಆಗಬಾರದು. ಹಾವಿಗೆ ಹೊಟ್ಟೆ ತುಂಬ ತಿನ್ನಿಸಿಯಾಗಿತ್ತು, ಆ ಕೆಲಸ ಇರಲಿಲ್ಲ.

"ಈ ಪುಡಿ ಎಲ್ಲಿಂದ ತರಿಸ್ತೀಯವ್ವ?"

"ಆನ್‌ಲೈನಲ್ಲಿ."

"ನಿಮ್ಮ ಗುಬ್ಬಿಲಿ ರೋಡ್ ಪಕ್ಕ ಗುಡ್ಡೆ ಗುಡ್ಡೆ ಬಿದ್ದದಲ್ಲ," ಅಂದಳು ಕಲ್ಲಮ್ಮ. ಅನುಪಮಾ ನಾಚಿ ನಕ್ಕಳು. ಹೊರಡುವಾಗ, "ಕಣ್ಣು ಬೆಳ್ಳಗಾದ್ರೆ ಫೋನ್ ಮಾಡಿ," ಎಂದಳು.

ಕಣ್ಣು ಬೆಳ್ಳಗಾಯಿತು. ಕಲ್ಲಮ್ಮ ಫೋನ್ ಮಾಡಲಿಲ್ಲ. ಹಾವಿನ ಮೈ ಮಂಕಾಗಿ, ಕಣ್ಣಿಗೆ ಹಾಲಿನ ಬಣ್ಣ ಬಂದು, ಅದು ಅಲುಗದೆ ಕೂತದ್ದನ್ನು ನೋಡಿದ್ದೇ ಅವಳಿಗೆ ಎಲ್ಲ ತಿಳಿದುಹೋಯಿತು.

"ಏನ್ಲಾ ಉದಯ, ನಿನ್ನ ಹೆಂಡ್ತಿ ಹಾವು ಜ್ವರಕ್ಕೆ ಕೂತದೆ ಕಣೋ."

ರೇಷ್ಮೆ ಹುಳು ಹಳೆಯ ಚರ್ಮ ಬಿಡುವ ಹೊತ್ತಿಗೆ ಕುಣಿಗಲ್ ಕಡೆ ಜ್ವರ ಅನ್ನುತ್ತಾರೆ. ಆಗ ಹುಳುಮನೆಯಲ್ಲಿ ತೇವ ಇರಕೂಡದು. ಸೊಪ್ಪು ನಿಲ್ಲಿಸಿ, ಕಿಟಕಿ ತೆರೆದು, ಸುಣ್ಣದ ಪುಡಿ ಉದುರಿಸಿ ತಟ್ಟೆಯನ್ನು ಒಣಗಲು ಬಿಡಬೇಕು. ಅಷ್ಟು ವರ್ಷ ಕಲ್ಲಮ್ಮ ಮಾಡಿದ್ದು ಅದನ್ನೇ, ಈಗ ಮಾಡಿದ್ದೂ ಅದನ್ನೇ. ನೀರಿನ ಬಟ್ಟಲನ್ನು ಹೊರಗಿಟ್ಟಳು. ನಾರಿನ ಪುಡಿಯನ್ನೆಲ್ಲ ಬಾಚಿ ತೆಗೆದು ಒಣ ಪೇಪರ್ ಹಾಸಿದಳು. ಮೇಲಿನ ಕಿಂಡಿಗಳನ್ನೆಲ್ಲ ತೆರೆದಳು. ತೇವದ ಮೀಟರಿನ ಮುಳ್ಳು ಕೆಳಗಿಳಿದದ್ದನ್ನು ಕಂಡು, ಈ ಮೀಟರು ಪರವಾಗಿಲ್ಲ ಅಂದುಕೊಂಡಳು. ಸುಣ್ಣದ ಪುಡಿ ಮಾತ್ರ ಹತ್ತಿರದ ಅಂಗಡಿಗಳಲ್ಲಿ ಸಿಗಲಿಲ್ಲ. ಅದು ಬೆಲ್ಲದ ಪುಣ್ಯ.

ಕಣ್ಣು ಮತ್ತೆ ತಿಳಿಯಾದಾಗ ಅವಳ ಹೆಮ್ಮೆ ಹೇಳತೀರದು. ಆದರೆ ಪೊರೆ ಬಿಡುವ ಹೊತ್ತಿಗೆ ಅದು ಬೆಳ್ಳುಳ್ಳಿ ಸಿಪ್ಪೆಯ ಹಾಗೆ ಚೂರುಚೂರಾಗಿ ಬಂತು. ಬೆನ್ನ ಮೇಲೆ ಅಲ್ಲಲ್ಲಿ ಅಂಟಿಕೊಂಡಿತು, ಎಡಗಣ್ಣಿನ ಮೇಲೊಂದು ಪೊರೆಯ ಬಿಲ್ಲೆ ಹಾಗೆಯೇ ಉಳಿಯಿತು. ಹಾವು ತಲೆಯನ್ನು ಗಾಜಿಗೆ ಉಜ್ಜಿತು, ಬಿಲ್ಲೆ ಬರಲಿಲ್ಲ. ಸೊಸೆಗೆ ಗೊತ್ತಾಗದ ಹಾಗೆ ಉಗುರಿನಲ್ಲಿ ಕಿತ್ತುಬಿಡಲೇ ಅನ್ನಿಸಿತು ಕಲ್ಲಮ್ಮನಿಗೆ. ಕೈ ಮುಂದೆ ಹೋಗಿ ಹಿಂದೆ ಬಂತು. ಆ ಕಣ್ಣು ಹೋದರೆ ಸೊಸೆ ಬಯ್ಯುವವಳಲ್ಲ, ಇನ್ನೊಂದು ಸಲ ಏನನ್ನೂ ಕೇಳುವವಳೂ ಅಲ್ಲ. ಅವಳಿಗೆ ಭಯವಾದದ್ದು ಅದಕ್ಕೆ. ಫೋನ್ ತೆಗೆದುಕೊಂಡು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು.

"ಒಣಗಿಸಿದ್ರಾ? ಯಾಕತ್ತೆ?"

"ನಮ್ಮ ಹುಳಕ್ಕೆ ಹಂಗೇ ಮಾಡದು ಕಣವ್ವ."

ಅನುಪಮಾ ನಿಧಾನವಾಗಿ ಹೇಳಿದಳು. "ಹಾವಿಗೆ ಉಲ್ಟಾ ಅತ್ತೆ. ತೇವ ಇದ್ರೇನೇ ಪೊರೆ ಜಾರೋದು. ಆ ಕಣ್ಣಿಗೆ ಉಗುರು ಮಾತ್ರ ಹಾಕ್ಬೇಡಿ. ಮೂಲೇಲಿ ಒದ್ದೆ ಜಾಗ ಮಾಡಿಕೊಡಿ, ಬೆಚ್ಚಗೂ ಇರಬೇಕು. ಚಳಿಯಾದ್ರೆ ಎದೆ ಕಟ್ಟುತ್ತೆ."

"ಒದ್ದೆ ತಾನೇ? ಅದು ನನಗೆ ಬುಡು," ಅಂದಳು ಕಲ್ಲಮ್ಮ.

ಮೊಟ್ಟೆಯೊಡೆದ ಮರಿಹುಳುಗಳ ತಟ್ಟೆಗೆ ಹಸಿ ಗೋಣಿ ಹೊದಿಸಿ ತೇವ ಹಿಡಿದಿಟ್ಟವಳು ಅವಳು. ಮಗನನ್ನು ಓಡಿಸಿ ಹಳೆಯ ಗೋಣಿಚೀಲ ತರಿಸಿದಳು, ಒಗೆದು, ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ತೊಟ್ಟಿಕ್ಕದ ಹಾಗೆ ಹಿಂಡಿದಳು. ಮುಚ್ಚಳವಿದ್ದ ಪ್ಲಾಸ್ಟಿಕ್ ಡಬ್ಬಿಗೆ ಹಾವು ತೂರುವಷ್ಟು ಕಿಂಡಿ ಕೊಯ್ದು, ಒಳಗೆ ಆ ಗೋಣಿಯನ್ನು ಒರಟು ಮಡಿಕೆಗಳಾಗಿ ಹಾಸಿ ಬಿಸಿಯ ಬದಿಗೆ ಇಟ್ಟಳು. ನಾರಿನ ಪುಡಿ, ನೀರಿನ ಬಟ್ಟಲು ತಮ್ಮ ಜಾಗಕ್ಕೆ ಮರಳಿದವು. ಬೆಲ್ಲ ಡಬ್ಬಿಯೊಳಗೆ ನುಸುಳಿತು. ಅಷ್ಟರಲ್ಲಿ ಕರೆಂಟ್ ಹೋಯಿತು.

"ಉದಯ, ಬಿಸಿನೀರು ಕಾಯ್ಸಿ ಬಾಟ್ಲಿಗೆ ತುಂಬ್ಸೋ. ಟವೆಲ್ ಸುತ್ತಿ ಡಬ್ಬಿ ಪಕ್ಕ ಇಡು."

"ನಾನಾ?"

"ಇನ್ಯಾರು, ನಿಮ್ಮಪ್ಪ ಕುಣಿಗಲ್‌ನಿಂದ ಬಂದು ಇಡ್ತಾರಾ?"

ಉದಯಕುಮಾರ್ ಮುಖ ಆ ಕಡೆ ತಿರುಗಿಸಿಕೊಂಡು ಬಾಟಲಿ ಇಟ್ಟ. ಆದರೂ ಇಟ್ಟ. ಕರೆಂಟ್ ಬರುವ ತನಕ ಕಲ್ಲಮ್ಮ ಬಾಟಲಿ ಬದಲಿಸುತ್ತಲೇ ಇದ್ದಳು.

ಅನುಪಮಾ ಹಿಂತಿರುಗಿದ ದಿನ ಚಪ್ಪಲಿ ಬಿಟ್ಟವಳೇ ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತಳು. ಬೆಲ್ಲದ ಎರಡೂ ಕಣ್ಣು ತೊಳೆದಿಟ್ಟ ಹಾಗಿದ್ದವು. ಕಲ್ಲಮ್ಮ ತನ್ನ ಕುಂಕುಮದ ಡಬ್ಬಿಯ ಮುಚ್ಚಳ ತೆರೆದು ಮುಂದೆ ಹಿಡಿದಳು. ಒಳಗೆ ಮೀನಿನ ಹುರುಪೆಯಷ್ಟು ತೆಳ್ಳಗಿನ ಬಿಲ್ಲೆ ಇತ್ತು.

"ಗೋಣಿಗೆ ಉಜ್ಜಿ ಉಜ್ಜಿ ಅದೇ ಬಿಡಿಸ್ಕೊಂತು. ನಾನು ಮುಟ್ಟಿಲ್ಲ ಕಣವ್ವ."

ಅನುಪಮಾ ಬಿಲ್ಲೆಯನ್ನು ನೋಡಿದಳು, ಅತ್ತೆಯನ್ನು ನೋಡಿದಳು. ಸಂಜೆ ಇಬ್ಬರೂ ಕೂತು ಅವರೆಕಾಯಿ ಸುಲಿಯುತ್ತ ಹುಳುವಿನ ಜ್ವರದ ಬಗ್ಗೆ ಮಾತಾಡಿದರು. ಉಪ್ಪಿಟ್ಟಿಗೆ ಹೊತ್ತಾದದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

ಯುಗಾದಿ ಹತ್ತಿರ ಬಂದಾಗ ಕಲ್ಲಮ್ಮನ ಹುಳುಮನೆ ಮತ್ತೆ ತುಂಬಿತ್ತು. ಹುಳುಗಳು ಮೂರನೇ ಜ್ವರಕ್ಕೆ ಕೂತಿದ್ದವು. ಬೆಳಿಗ್ಗೆಯೇ ಫೋನ್ ಬಂತು.

"ಅತ್ತೆ, ಬೆಲ್ಲ ಜ್ವರಕ್ಕೆ ಕೂತಿದೆ. ಬರ್ತೀರಾ?"

ಒಂದು ಡಬ್ಬಿ ಒದ್ದೆ ಮಾಡಲು ಅನುಪಮಾಳಿಗೆ ಅತ್ತೆ ಬೇಕಾಗಿರಲಿಲ್ಲ. ಅದು ಕಲ್ಲಮ್ಮನಿಗೂ ಗೊತ್ತಿತ್ತು. ಆದರೂ ಕರೆದಿದ್ದಳಲ್ಲ. ಕಲ್ಲಮ್ಮ ಒಗೆದಿಟ್ಟ ಗೋಣಿಚೀಲವನ್ನು ಮಡಿಸಿ ಚೀಲಕ್ಕೆ ತುರುಕಿ, ಅಂಗಳದಲ್ಲಿದ್ದ ಗಂಡನಿಗೆ ಹೇಳಿದಳು.

"ರೀ, ಹುಳ ಒಣಗಿರ್ಲಿ, ಕಿಟಕಿ ತೆಗ್ದಿಡಿ. ನಾನು ಸೊಸೆ ಹಾವು ನೆನೆಸಿ ಬರ್ತೀನಿ."