ದಿಂಬನ್ನೇ ಕ್ಲಚ್ ಮಾಡಿಕೊಂಡ ಅಕ್ಕೋರು

ಹೋದ ತಿಂಗಳು ಪ್ರಿಂಟರ್ ಕೊಳ್ಳಲೆಂದು ಹುಬ್ಬಳ್ಳಿಯ ಅಂಗಡಿಯೊಂದಕ್ಕೆ ಹೋದವಳು, ಮೂಲೆಯಲ್ಲಿಟ್ಟಿದ್ದ ಕಾರ್ ರೇಸಿನ ಆಟ ನೋಡಿ ಅಲ್ಲೇ ನಿಂತೆ. ಕಾರಿನದೇ ಸೀಟು, ಸ್ಟೇರಿಂಗು, ಮೂರು ಪೆಡಲು, ಎದುರಿಗೆ ಗೋಡೆಯಗಲದ ಪರದೆ. ಕೂತು ನೋಡಿ ಮೇಡಂ ಎಂದರು ಅಂಗಡಿಯವರು. ಕೂತು ಸ್ಟೇರಿಂಗ್ ಹಿಡಿದೆ. ಹೊಸ ರಬ್ಬರಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಪ್ರಿಂಟರ್ ಮರೆತೇ ಹೋಯಿತು. ಕೊಪ್ಪಳದ ನಮ್ಮ ಹಳೆಯ ಮನೆಯ ಪಡಸಾಲೆ, ಗಡಿಗೆಯಂಥ ದಪ್ಪ ಮಾನಿಟರು, ಅದರ ಮುಂದೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕೂತ ಪಕ್ಕದ ಮನೆಯ ಅಕ್ಕೋರು...

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರಿಗೆ ಅಕ್ಕೋರು ಎನ್ನುತ್ತಾರೆ. ಇವರು ತಳಕಲ್ಲಿನ ಶಾಲೆಯಲ್ಲಿದ್ದರು, ದಿನಾ ಬಸ್ಸಿಗೆ ಹೋಗಿ ಬರುತ್ತಿದ್ದರು. ಓಣಿಗೆಲ್ಲ ಅವರು ಅಕ್ಕೋರೇ. ಅವರ ಯಜಮಾನರು ಕೂಡ ಹಾಗೇ ಕರೆಯುತ್ತಿದ್ದರು, ಅದರಲ್ಲಿ ಪ್ರೀತಿ ಎಷ್ಟು, ಅಂಜಿಕೆ ಎಷ್ಟು ಎಂಬುದು ನಮಗೆ ತಿಳಿಯುತ್ತಿರಲಿಲ್ಲ.

ಎರಡು ಸಾವಿರದ ಐದೋ ಆರೋ ಇರಬೇಕು. ನಾನು ಬಸ್ ಸ್ಟ್ಯಾಂಡಿನ ಹತ್ತಿರದ ಕಂಪ್ಯೂಟರ್ ಕ್ಲಾಸೊಂದರಲ್ಲಿ ಕಲಿಸುತ್ತಿದ್ದೆ. ಅದರ ಮಾಲೀಕರು ಯಾವ ಹುಮ್ಮಸ್ಸಿನಲ್ಲೋ ಒಂದು ಆಟದ ಸ್ಟೇರಿಂಗ್ ತರಿಸಿ, ಕೇಳುವವರೇ ಇಲ್ಲದೆ ಕಡೆಗೆ ನನಗೇ ಕೊಟ್ಟುಬಿಟ್ಟರು. ಸಂಜೆ ಮನೆಗೆ ಬಂದು ಕೂತೆನೆಂದರೆ ನಾನುಂಟು, ರೇಸುಂಟು. ಹೀಗೊಂದು ಸಂಜೆ ಅಕ್ಕೋರು ಬಾಗಿಲಿಗೆ ಬಂದು ನಿಂತರು. ಗೋಡೆಯಾಚೆ ಗುರ್ರೆನ್ನುವುದೇನು, ನಿಮ್ಮ ಮನೆಯಲ್ಲಿ ಗಿರಣಿ ಹಾಕಿದ್ದೀರಾ ಎಂದು ಕೇಳಿದರು. ನಾನು ಹೆಮ್ಮೆಯಿಂದ ಪಕ್ಕದಲ್ಲಿ ಕೂರಿಸಿಕೊಂಡು ಆಟ ತೋರಿಸಿದೆ. ನನ್ನ ಕಾರು ಗೋಡೆಗೆ ಗುದ್ದಿತು, ಪುಟಿಯಿತು, ಹಾರಿತು, ಮತ್ತೆ ಓಡಿತು. ಅಕ್ಕೋರು ಮುಖ ಸಿಂಡರಿಸಿದರು.

"ಇದ ಸುಳ್ಳು ಐತಿ. ಗ್ವಾಡಿಗಿ ಹಾಯ್ದ ಗಾಡಿ ಮತ್ತ ಓಡತೈತೇನು?"

ಹಾಗಾದರೆ ಇದನ್ನು ನೋಡಿ ಎಂದು ಇನ್ನೊಂದು ಆಟ ಹಾಕಿದೆ. ಅದು ಸುಮ್ಮನೆ ಓಡುವ ಆಟವಲ್ಲ. ಅಲ್ಲಿ ಕಾರಿಗೆ ತೂಕವಿದೆ. ತಿರುವಿಗೆ ಮೊದಲೇ ಬ್ರೇಕ್ ಒತ್ತದಿದ್ದರೆ ರಸ್ತೆ ಬಿಟ್ಟು ಹೊರಗೆ. ಮಳೆ ಬಿದ್ದ ರಸ್ತೆಯಲ್ಲಿ ಆಕ್ಸಿಲರೇಟರ್ ಜೋರಾಗಿ ತುಳಿದರೆ ಹಿಂಭಾಗ ಜಾರಿ ಗರಗರ ಸುತ್ತುತ್ತದೆ. ಬೇಕೆಂದೇ ಗೋಡೆಗೆ ಗುದ್ದಿ ತೋರಿಸಿದೆ. ಗಾಲಿ ಸೊಟ್ಟಗಾಯಿತು, ಕಾರು ಕುಂಟಿತು, ಸ್ಟೇರಿಂಗ್ ನನ್ನ ಕೈಯಲ್ಲೇ ನಡುಗಿತು. ಅಕ್ಕೋರ ಮುಖದ ಸಿಡುಕು ಮಾಯವಾಯಿತು. ಇದು ಖರೆ ಎಂದರು. ಸ್ವಲ್ಪ ಹೊತ್ತಿನ ಮೇಲೆ, ನಾನೊಮ್ಮೆ ಹಿಡಿಯಲೇ ಎಂದು ಸಣ್ಣ ದನಿಯಲ್ಲಿ ಕೇಳಿದರು.

ಆ ಸಣ್ಣ ದನಿಗೆ ಕಾರಣವಿತ್ತು. ಹಿಂದಿನ ವರ್ಷ ಅಕ್ಕೋರು ಆಸೆಪಟ್ಟು ಒಂದು ಹಳೆಯ ಬಿಳಿ ಕಾರು ಕೊಂಡಿದ್ದರು. ಲೈಸೆನ್ಸೂ ಆಗಿತ್ತು. ಒಂದು ದಿನ ಯಲಬುರ್ಗಾ ರಸ್ತೆಯಲ್ಲಿ ಕುರಿ ಹಿಂಡು ಅಡ್ಡ ಬಂದಾಗ ಬ್ರೇಕಿನ ಬದಲು ಆಕ್ಸಿಲರೇಟರ್ ತುಳಿದು, ಹಿಂಡು ತಪ್ಪಿಸಲು ಹೋಗಿ ಶೇಂಗಾದ ಹೊಲಕ್ಕೆ ನುಗ್ಗಿದ್ದರು. ಕುರಿಗಳಿಗೂ ಏನಾಗಲಿಲ್ಲ, ಇವರಿಗೂ ಏನಾಗಲಿಲ್ಲ. ಆದರೆ ಕುರಿಯವರು ಬೈದ ಬೈಗುಳ, ಸೇರಿದ ಜನ, ಅವರ ನಗು... ಅಂದಿನಿಂದ ಸೀಟಿನಲ್ಲಿ ಕೂತರೆ ಸಾಕು, ಅಕ್ಕೋರ ಕೈ ನಡುಗುತ್ತಿತ್ತು. ಕಾರು ಅಂಗಳದ ಬೇವಿನ ಮರದ ಕೆಳಗೇ ನಿಂತಿತು. ಇಲಿಗಳು ವೈರು ಕಡಿಯತೊಡಗಿದವು. ಯಜಮಾನರು ಕೆಟ್ಟವರಲ್ಲ, ಆದರೆ ನಿಂತ ಗಾಡಿ ಇಟ್ಟುಕೊಂಡು ಏನು ಮಾಡುವುದೆಂದು ಗಂಗಾವತಿಯ ಪರಿಚಯದವರೊಬ್ಬರಿಗೆ ಮಾರುವುದಾಗಿ ಮಾತು ಕೊಟ್ಟುಬಿಟ್ಟರು. ಮಹಾನವಮಿ ಮುಗಿದ ಮರುದಿನ ಅವರು ಬಂದು ಒಯ್ಯುವುದೆಂದು ಗೊತ್ತಾಯಿತು. ಒಯ್ಯಲಿ ಬಿಡಿ ಎಂದಿದ್ದರಂತೆ ಅಕ್ಕೋರು. ಆದರೆ ದಿನಾ ಬೆಳಿಗ್ಗೆ ಅವರು ಸೆರಗಿನ ತುದಿಯಿಂದ ಆ ಕಾರಿನ ಗಾಜು ಒರೆಸುವುದನ್ನು ನಾನು ಮಾಳಿಗೆಯ ಮೇಲಿಂದ ನೋಡುತ್ತಿದ್ದೆ.

ಆಟದ ಸ್ಟೇರಿಂಗ್ ಹಿಡಿದ ಆ ಸಂಜೆಯಿಂದ ಅಕ್ಕೋರು ಶಾಲೆಯಿಂದ ಬಂದವರೇ ನಮ್ಮ ಪಡಸಾಲೆಗೆ. ಮೊದಲು ಸ್ಟೇರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು, ಆಮೇಲೆ ಆಟ. ನನ್ನ ಆಟಕ್ಕೆ ಎರಡೇ ಪೆಡಲು, ಕ್ಲಚ್ ಇರಲಿಲ್ಲ. ಕ್ಲಚ್ ಇಲ್ಲದೆ ಗೇರು ಹೇಗೆ ಹಾಕುವುದೆಂದು ತಕರಾರು ತೆಗೆದು, ಮಂಚದ ಮೇಲಿನ ದಿಂಬನ್ನು ಎಡಗಾಲ ಕೆಳಗೆ ಇಟ್ಟುಕೊಂಡರು. ಗೇರು ಬದಲಿಸುವಾಗೆಲ್ಲ ದಿಂಬು ತುಳಿದು, ಮೆಲ್ಲಗೆ ಕಾಲೆತ್ತುವರು. ನಮ್ಮವ್ವ ಮೂರನೆಯ ದಿನಕ್ಕೆ ಆ ದಿಂಬಿನ ಆಸೆ ಬಿಟ್ಟಳು.

ರೇಸಿನ ರಸ್ತೆಯಲ್ಲಿ ಎಡ ಬಲ ಅಂತ ಇರುತ್ತದೆಯೇ? ಅಕ್ಕೋರಿಗೆ ಇತ್ತು. ಎಡಬದಿ ಬಿಟ್ಟು ಕದಲುತ್ತಿರಲಿಲ್ಲ. ಹಾರ್ನ್ ಎಲ್ಲಿ ಎಂದು ಹುಡುಕಿ, ಇಲ್ಲವೆಂದು ತಿಳಿದ ಮೇಲೆ ಬಾಯಿಂದಲೇ ಸರೀರಿ ಸರೀರಿ ಎನ್ನುತ್ತಿದ್ದರು. ಹಿಂದಿನಿಂದ ಕಾರುಗಳು ನುಗ್ಗಿ ಬಂದರೆ, ಬಲಗೈಯನ್ನು ಕುರ್ಚಿಯಿಂದಾಚೆ ಚಾಚಿ, ಮುಂದೆ ಹೋಗಿರೆಂದು ಬೀಸುತ್ತಿದ್ದರು! ನಾನು ನಕ್ಕು ನಕ್ಕು ನೆಲಕ್ಕೆ ಕುಸಿಯುತ್ತಿದ್ದೆ. ಕಂಪ್ಯೂಟರಿನ ಡ್ರೈವರುಗಳಿಗೆ ಅಷ್ಟು ಮರ್ಯಾದೆ ಕೊಟ್ಟವರು ಜಗತ್ತಿನಲ್ಲಿ ಇನ್ನೊಬ್ಬರಿರಲಿಕ್ಕಿಲ್ಲ. ಪ್ರತಿ ರೇಸಿನಲ್ಲೂ ಕೊನೆಯವರಾಗಿ ಬರುತ್ತಿದ್ದರು. ನಂಬರ್ ಬೇಡ, ಗಾಡಿಗೆ ಗೀರು ಬಿದ್ದಿದೆಯೇ ಅಷ್ಟು ನೋಡು ಎನ್ನುತ್ತಿದ್ದರು.

ಮೊದಮೊದಲು ಪ್ರತಿ ತಿರುವಿನಲ್ಲೂ ಹೊರಗೆ ಹೋಗುತ್ತಿದ್ದರು. ಗುದ್ದಿದಾಗ ಅಂಗೈ ಬೆವರು ಸೀರೆಗೆ ಒರೆಸಿಕೊಳ್ಳುವರು. ಆಮೇಲೆ ಮೊದಲಿನಿಂದ ಶುರು ಮಾಡುವ ಗುಂಡಿ ಒತ್ತುವರು. ಒಂದು ಸಂಜೆ ಹಾಗೆ ಒತ್ತುತ್ತಾ ಹೇಳಿದರು:

"ಇದೊಂದು ಭಾಳ ಛಲೋ ಮಾಡ್ಯಾರ ನೋಡವ್ವಾ. ಅಂಜಿಕಿ ಖರೇನ ಬರತೈತಿ, ತಪ್ಪಿದರ ಯಾರೂ ಬೈಯಂಗಿಲ್ಲ."

ಇಂಥ ಆಟಗಳ ರುಚಿ ಏನೆಂದು ಯಾರಾದರೂ ಕೇಳಿದರೆ ನಾನು ಇವತ್ತಿಗೂ ಈ ಮಾತನ್ನೇ ಹೇಳುತ್ತೇನೆ.

ಮಹಾನವಮಿ ಬಂತು. ಅಂದು ನಮ್ಮಲ್ಲಿ ಖಂಡೇಪೂಜೆ, ಅಂದರೆ ಆಯುಧಪೂಜೆ. ಒಯ್ಯುವವರಿಗೆಂದು ವೈರು ಸರಿ ಮಾಡಿಸಿದ್ದ ಕಾರನ್ನು ತೊಳೆದು, ವಿಭೂತಿ ಬಳಿದು, ಚೆಂಡುಹೂವಿನ ಮಾಲೆ ಹಾಕಿ, ಗಾಲಿಗಳ ಕೆಳಗೆ ಲಿಂಬೆಹಣ್ಣು ಇಟ್ಟದ್ದಾಯಿತು. ಲಿಂಬೆಹಣ್ಣಿನ ಮೇಲೆ ಗಾಡಿ ಹಾಯಿಸಲು ಓಣಿಯ ಜೀಪ್ ಡ್ರೈವರ್ ಬರಬೇಕಿತ್ತು. ಹಬ್ಬದ ದಿನ ಅವರಿಗೆ ಎಲ್ಲ ಕಡೆಯಿಂದಲೂ ಕರೆ, ಎಷ್ಟು ಹೊತ್ತಾದರೂ ಬರಲಿಲ್ಲ. ಅಕ್ಕೋರು ಆರತಿ ತಟ್ಟೆಯನ್ನು ಯಜಮಾನರ ಕೈಗಿತ್ತು ಕಾರಿನ ಬಾಗಿಲು ತೆಗೆದರು.

"ನಾನ ಹಾಯಿಸ್ತೀನಿ. ಬಾ ಯವ್ವಾ, ಬಾಜೂಕ ಕುಂದ್ರು."

ಕೂತೆ. ನನ್ನ ಎದೆ ಅವರಿಗಿಂತ ಜೋರಾಗಿ ಬಡಿಯುತ್ತಿತ್ತು. ಲಿಂಬೆಹಣ್ಣು ಪಚಪಚನೆ ಒಡೆದವು, ಎಲ್ಲರೂ ಚಪ್ಪಾಳೆ ತಟ್ಟಿದರು. ಇನ್ನೇನು ನಿಲ್ಲಿಸುತ್ತಾರೆ ಅಂದುಕೊಂಡೆವು. ಅಕ್ಕೋರು ನಿಲ್ಲಿಸಲಿಲ್ಲ. ಆಟದಲ್ಲಿ ಸಿಗದ ಹಾರ್ನನ್ನೆಲ್ಲ ಒಟ್ಟಿಗೇ ಬಾರಿಸುತ್ತಾ ಗೇಟು ದಾಟಿ ಹೊರಟೇಬಿಟ್ಟರು.

ಊರಾಚೆಯ ರೈಲ್ವೆ ಗೇಟು ಮುಚ್ಚಿತ್ತು. ಹಳಿಗೆ ಏರುವ ದಿನ್ನೆಯಲ್ಲಿ ನಮ್ಮ ಕಾರು, ಬೆನ್ನಿಗೇ ಒಂದು ಲಾರಿ. ಗೇಟು ತೆರೆಯಿತು, ಗಾಡಿ ಆಫ್ ಆಯಿತು. ಮತ್ತೆ ಚಾಲೂ ಮಾಡಿದರು, ಮತ್ತೆ ಆಫ್. ಗಾಡಿ ತುಸು ಹಿಂದಕ್ಕೂ ಜಾರಿತು. ಲಾರಿಯವರು ಹಾರ್ನ್ ಹೊಡೆದರು. ಅಕ್ಕೋರು ಅಂಗೈ ಬೆವರು ಸೀರೆಗೆ ಒರೆಸಿಕೊಂಡರು.

"ಇಲ್ಲಿ ಮೊದಲಿಂದ ಶುರು ಮಾಡೂ ಆ ಗುಂಡಿ ಇಲ್ಲಲ್ಲವ್ವಾ," ಎಂದರು ಮೆಲ್ಲಗೆ.

ಕಣ್ಣು ಮುಚ್ಚಿ ಉಸಿರೆಳೆದುಕೊಂಡರು. ಆಮೇಲೆ ದಿಂಬಿನ ಮೇಲಿನಿಂದ ಎತ್ತುತ್ತಿದ್ದ ಹಾಗೇ ಎಡಗಾಲನ್ನು ಮೆಲ್ಲಗೆ, ಮೆಲ್ಲಗೆ ಎತ್ತಿದರು. ಕಾರು ದಿನ್ನೆ ಏರಿ ಹಳಿ ದಾಟಿತು. ಆಚೆ ಹೋದ ಮೇಲೆ ಎಡಬದಿಗೆ ಸರಿದು, ಕಿಟಕಿಯಿಂದ ಬಲಗೈ ಚಾಚಿ ಲಾರಿಗೆ ಮುಂದೆ ಹೋಗೆಂದು ಬೀಸಿದರು. ಲಾರಿಯವರು ಕೈಯೆತ್ತಿ ನಕ್ಕು ಹೋದರು. ಅಕ್ಕೋರು ನಕ್ಕರು, ಅತ್ತರು, ಮತ್ತೆ ನಕ್ಕರು. ನಾನೂ ಅಷ್ಟೇ.

ಮರಳಿದಾಗ ಯಜಮಾನರು ಆರತಿ ತಟ್ಟೆ ಹಿಡಿದುಕೊಂಡೇ ಗೇಟಿನಲ್ಲಿ ನಿಂತಿದ್ದರು. "ಗಂಗಾವತಿಯವರಿಗೆ ಬರಬ್ಯಾಡ್ರಿ ಅಂತ ಫೋನ್ ಮಾಡ್ತೀನ್ರಿ ಅಕ್ಕೋರ," ಎಂದರು.

ಇನ್ನು ನಿನ್ನ ಪಾಳಿ, ಹೊಡಿ ನೋಡೋಣ ಎಂದು ಅಕ್ಕೋರು ಕೀಲಿಕೈಯನ್ನು ನನ್ನ ಮುಂದೆ ಹಿಡಿದರು. ರೇಸುಗಳನ್ನೆಲ್ಲ ಗೆದ್ದ ಮಹಾರಾಣಿ ನಾನು ಖರೇ ಕಾರನ್ನು ಮುಟ್ಟಿಯೇ ಇರಲಿಲ್ಲ! ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮರುದಿನದಿಂದ ಗುರು ಅವರು, ಶಿಷ್ಯೆ ನಾನು.

ಅಕ್ಕೋರು ಜೊತೆಯ ಅಕ್ಕೋರುಗಳನ್ನೂ ಕೂರಿಸಿಕೊಂಡು ಅದೇ ಕಾರಿನಲ್ಲಿ ವರ್ಷಗಟ್ಟಲೆ ತಳಕಲ್ಲಿಗೆ ಹೋಗಿಬಂದರು. ಕಣ್ಣು ಮಂಜಾದ ಮೇಲೆ ತಾವೇ ಓಡಿಸುವುದು ಬಿಟ್ಟರು. ಆಸ್ಪತ್ರೆಗೆಂದು ನಾನು ಹೊಸಪೇಟೆಗೆ ಕರೆದೊಯ್ಯುವಾಗ ಪಕ್ಕದಲ್ಲಿ ಕೂತು, ತಿರುವು ಬಂತೆಂದರೆ ಬಲಗಾಲಿನಿಂದ ಕೆಳಗಿನ ಮ್ಯಾಟನ್ನು ಒತ್ತುತ್ತಿದ್ದರು. ಅಲ್ಲಿ ಬ್ರೇಕಿಲ್ಲರಿ ಅಕ್ಕೋರ ಎಂದರೆ, ನನ್ನ ಕಾಲಿಗೆ ಅದು ತಿಳಿಯಬೇಕಲ್ಲ ಎನ್ನುತ್ತಿದ್ದರು. ಹೋದ ವರ್ಷ ತೀರಿಕೊಂಡರು. ಅವರಿಲ್ಲ ಎಂಬುದು ಇನ್ನೂ ನನ್ನ ತಲೆಗೆ ಸರಿಯಾಗಿ ಇಳಿದಿಲ್ಲ.

ಅವತ್ತು ಹುಬ್ಬಳ್ಳಿಯಿಂದ ಒಬ್ಬಳೇ ಕಾರು ಓಡಿಸಿಕೊಂಡು ಬಂದೆ. ಗದಗ ದಾಟಿದ ಮೇಲೆ ಒಂದು ತಿರುವು ಬಂತು. ನಾನು ಬ್ರೇಕ್ ಒತ್ತಿದೆ, ತುಸು ಬೇಗನೇ ಒತ್ತಿದೆ. ಪಕ್ಕದಲ್ಲಿ ಒತ್ತುವವರು ಯಾರೂ ಇರಲಿಲ್ಲ.